ರೈಸ್ ಮೇಲೆ ರೈಸ್ ಬಿದ್ದಾಗ

ನೋ-ಲಿಮಿಟ್ ಹೋಲ್ಡೆಮ್ ಪೋಕರ್‌ನಲ್ಲಿ ಪ್ರತಿ ಆಟಗಾರನಿಗೂ ಮೊದಲು ಎರಡು ಎಲೆ ಮುಚ್ಚಿ ಕೊಡುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಕಾಣುವ ಐದು ಎಲೆಗಳು ಆಮೇಲೆ ಬರುತ್ತವೆ. ಅವುಗಳಲ್ಲಿ ಮೊದಲ ಮೂರಕ್ಕೆ ಫ್ಲಾಪ್ ಎಂದು ಹೆಸರು. ಫ್ಲಾಪ್ ಬೀಳುವ ಮೊದಲೇ ಒಂದು ಸುತ್ತು ಪಣ ನಡೆಯುತ್ತದೆ. ಒಬ್ಬ ಏರಿಸುತ್ತಾನೆ, ಇನ್ನೊಬ್ಬ ಅದರ ಮೇಲೆ ಮತ್ತೆ ಏರಿಸುತ್ತಾನೆ. ಈ ಎರಡನೇ ಏರಿಕೆಯನ್ನು ಆಟಗಾರರು ತ್ರೀ-ಬೆಟ್ ಎನ್ನುತ್ತಾರೆ. ಕಡ್ಡಾಯವಾಗಿ ಇಡುವ ಬ್ಲೈಂಡ್ ಮೊದಲನೆಯದು, ರೈಸ್ ಎರಡನೆಯದು, ಇದು ಮೂರನೆಯದು. ಮೊದಲು ಏರಿಸಿದವನ ಮುಂದೆ ಆಗ ಮೂರು ದಾರಿಗಳಿರುತ್ತವೆ: ಎಲೆ ಬಿಡುವುದು, ಅಷ್ಟೇ ಹಣ ಸೇರಿಸಿ ಕಾಲ್ ಮಾಡುವುದು, ಇಲ್ಲವೇ ಇನ್ನೂ ಮೇಲೇರಿಸುವುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಇಸ್ಪೀಟು ಬಲ್ಲವರಿಗೆ ತೀನ್ ಪತ್ತಿ ಗೊತ್ತಿರುತ್ತದೆ. ಅದರ ಅಭ್ಯಾಸವನ್ನೇ ಹೋಲ್ಡೆಮ್‌ಗೆ ತಂದರೆ ಕೈ ಸುಡುತ್ತದೆ. ತೀನ್ ಪತ್ತಿಯಲ್ಲಿ ಚಾಲ್ ಸಾಮಾನ್ಯವಾಗಿ ಒಮ್ಮೆಗೆ ದುಪ್ಪಟ್ಟಿನವರೆಗೆ ಮಾತ್ರ ಏರುತ್ತದೆ, ಕೈಯಲ್ಲಿರುವ ಮೂರೆಲೆಗೇ ಆಟ ಮುಗಿಯುತ್ತದೆ. ಹೋಲ್ಡೆಮ್‌ನಲ್ಲಿ ಮುಂದಿರುವ ಚಿಪ್ಸ್ ಅಷ್ಟನ್ನೂ ಒಂದೇ ಸಲ ಒಡ್ಡಬಹುದು. ಐದು ಎಲೆಗಳೂ ಮೂರು ಸುತ್ತಿನ ಪಣವೂ ಇನ್ನೂ ಬಾಕಿ ಇರುತ್ತವೆ. ಹಿಂದೆ ಸರಿದರೆ ಮರ್ಯಾದೆ ಹೋಯಿತೆಂಬ ಹಟ ಇಲ್ಲಿ ಬಲು ದುಬಾರಿ.

ಬ್ಲೈಂಡ್ 50 ಮತ್ತು 100, ಪ್ರತಿಯೊಬ್ಬರ ಮುಂದೆ 10,000 ಚಿಪ್ಸ್ ಇವೆ ಎಂದುಕೊಳ್ಳೋಣ. ಮೊದಲ ಆಟಗಾರ 250ಕ್ಕೆ ಏರಿಸಿದ, ಎದುರಾಳಿ 800ಕ್ಕೆ ಒಯ್ದ, ಉಳಿದವರು ಎಲೆ ಬಿಟ್ಟರು. ನಡುವೆ ಈಗ 1,200 ಇದೆ. ಮುಂದುವರಿಯಲು ಇನ್ನೂ 550 ಹಾಕಬೇಕು, ಹಾಕಿದರೆ ಪಾಟ್ 1,750 ಆಗುತ್ತದೆ. ಹಾಗಾದರೆ 550 ಹಾಕುವವನಿಗೆ ಸರಾಸರಿ ಶೇ 31ಕ್ಕಿಂತ ತುಸು ಹೆಚ್ಚು ಪಾಲಾದರೂ ಮರಳಿ ಬರಬೇಕು. ಬಾರದಿದ್ದರೆ ಅದು ನಷ್ಟದ ಕಾಲ್. ಎಲೆ ಎಷ್ಟೇ ಚೆಂದ ಕಂಡರೂ ಮೊದಲು ಮಾಡಬೇಕಾದ ಲೆಕ್ಕ ಇದು.

ಇದೇ ಪಾಟನ್ನು ಎದುರಾಳಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅವನು 800 ಒಡ್ಡಿದ್ದು ಆಗ ನಡುವೆ ಇದ್ದ 400ನ್ನು ಗೆಲ್ಲಲು. ಮೂರರಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಾರಿ ಎಲ್ಲರೂ ಎಲೆ ಬಿಟ್ಟುಕೊಟ್ಟರೆ, ಕೈಯಲ್ಲಿ ಏನೂ ಇಲ್ಲದಿದ್ದರೂ ಅವನಿಗೆ ಲಾಭ. ಆದ್ದರಿಂದ ಪ್ರತಿ ತ್ರೀ-ಬೆಟ್‌ಗೂ ಹೆದರಿ ಸರಿಯುವವನು ಪುಕ್ಕಟೆ ಚಿಪ್ಸ್ ಹಂಚುತ್ತಿರುತ್ತಾನೆ. ಪ್ರತಿಯೊಂದಕ್ಕೂ ಕಾಲ್ ಮಾಡುವವನು ಇನ್ನೂ ಬೇಗ ಬರಿದಾಗುತ್ತಾನೆ.

ಎದುರಾಳಿಯ ಬಳಿ ಏನಿರಬಹುದು ಎಂಬುದೇ ಇಡೀ ವಿಷಯದ ತಿರುಳು. 52 ಎಲೆಗಳಿಂದ ಎರಡೆಲೆಯ ಜೋಡಿಗಳು 1,326 ಬಗೆಯಲ್ಲಿ ಬರುತ್ತವೆ. ಎರಡು ಎಕ್ಕ ಬರುವುದು ಆರು ಬಗೆ, ಎರಡು ರಾಜ ಆರು, ಎರಡು ರಾಣಿ ಆರು, ಎಕ್ಕ-ರಾಜ ಹದಿನಾರು. ಒಟ್ಟು 34, ಅಂದರೆ ಶೇ 2.6ರಷ್ಟು. ಇಷ್ಟಕ್ಕೆ ಮಾತ್ರ ಮರಳಿ ಏರಿಸುವ ಗಟ್ಟಿ ಆಟಗಾರನ ಎದುರು ಎಕ್ಕ-ರಾಣಿ ಕೂಡ ಬಿಡತಕ್ಕ ಕೈ. ಹತ್ತು ಸಲದಲ್ಲಿ ಒಮ್ಮೆ ಏರಿಸುವವನಾದರೆ ಆ 34 ಅವನ ಕೈಗಳ ಕಾಲು ಭಾಗವಷ್ಟೇ, ಅವನ ಎದುರು ಅದೇ ಎಕ್ಕ-ರಾಣಿಗೆ ಬಲ ಬರುತ್ತದೆ. ಹೊಸಬರೇ ತುಂಬಿದ ಸಣ್ಣ ಪಣದ ಮೇಜಿನಲ್ಲಿ ತ್ರೀ-ಬೆಟ್ ಬಹುಪಾಲು ನಿಜವಾಗಿಯೂ ದೊಡ್ಡ ಎಲೆಯ ಗುರುತು. ಅಲ್ಲಿ ನಂಬಿ ಬಿಡುವುದೇ ಒಳ್ಳೆಯ ಆಟ.

ಅತಿ ಹೆಚ್ಚು ಹಣ ಕಳೆಸುವುದು ಕೆಟ್ಟ ಎಲೆಗಳಲ್ಲ, ಒಳ್ಳೆಯದರಂತೆ ಕಾಣುವ ಎಲೆಗಳು. ಎಕ್ಕ-ಗುಲಾಮ ಹಿಡಿದವನು ಎಕ್ಕ-ರಾಜದ ಎದುರು ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದು ಸಲ. ಫ್ಲಾಪ್‌ನಲ್ಲಿ ಎಕ್ಕ ಬಂದರಂತೂ ಅವನೇ ಸಂತೋಷದಿಂದ ಇನ್ನಷ್ಟು ಸೋಲುತ್ತಾನೆ. ಸಣ್ಣ ಜೋಡಿಗಳ ಲೆಕ್ಕ ಬೇರೆ. ಎರಡು ಐದು ಹಿಡಿದವನಿಗೆ ಫ್ಲಾಪ್‌ನಲ್ಲಿ ಮೂರನೇ ಐದು ಸಿಗುವುದು ಶೇ 12ಕ್ಕಿಂತ ಕಡಿಮೆ. ಇಬ್ಬರ ಮುಂದೆಯೂ ಸಾಕಷ್ಟು ಚಿಪ್ಸ್ ಉಳಿದಿದ್ದರೆ ಮಾತ್ರ ಅಂಥ ಕಾಲ್ ತನ್ನ ಬೆಲೆ ದುಡಿಯುತ್ತದೆ. ಕೈಯಲ್ಲಿ 2,500 ಮಾತ್ರ ಇದ್ದರೆ ಕಾಲ್ ಬಹುಪಾಲು ತಪ್ಪು, ಎಲ್ಲವನ್ನೂ ಒಡ್ಡುವುದು ಅಥವಾ ಬಿಡುವುದು ಸರಿ.

ಕೂತ ಜಾಗವೂ ಬೆಲೆಯುಳ್ಳದ್ದು. ಫ್ಲಾಪ್ ಆದ ಮೇಲೆ ಕೊನೆಗೆ ಆಡುವವನು ಎದುರಾಳಿಯ ನಡೆ ನೋಡಿ ತೀರ್ಮಾನಿಸುತ್ತಾನೆ. ಮೊದಲು ಆಡಬೇಕಾದವನು ಕತ್ತಲಲ್ಲಿ ಮೂರು ಸುತ್ತು ದಾಟಬೇಕು. ಅವನು ಕಾಲ್ ಕಡಿಮೆ ಮಾಡಿ, ಬಿಡುವುದನ್ನೂ ನಾಲ್ಕನೇ ಬೆಟ್ಟನ್ನೂ ಹೆಚ್ಚಿಸಬೇಕಾಗುತ್ತದೆ.

ನಾಲ್ಕನೇ ಬೆಟ್ ಎರಡು ಎಕ್ಕ, ಎರಡು ರಾಜರಿಗಷ್ಟೇ ಮೀಸಲಾದರೆ ಎದುರಾಳಿಗೆ ಗುಟ್ಟು ತಿಳಿದುಬಿಡುತ್ತದೆ. ಅದಕ್ಕೇ ನುರಿತವರು ಎಕ್ಕ-ಐದರಂಥ, ಎರಡೂ ಇಸ್ಪೀಟು ಅಥವಾ ಎರಡೂ ಕಳಾವರ್ ಆಗಿರುವ ಕೈಯನ್ನು ಅಪರೂಪಕ್ಕೆ ಬೆರೆಸುತ್ತಾರೆ. ಒಂದು ಎಕ್ಕ ತಮ್ಮಲ್ಲೇ ಇರುವುದರಿಂದ ಎದುರಾಳಿಗೆ ಎರಡು ಎಕ್ಕ ಬರುವ ಬಗೆಗಳು ಆರರಿಂದ ಮೂರಕ್ಕೆ ಇಳಿಯುತ್ತವೆ. ಆದರೆ ಮೇಲಿನ ಉದಾಹರಣೆಯಲ್ಲಿ 1,900ಕ್ಕೆ ಏರಿಸುವ ಸುಳ್ಳು ಬೆಟ್ ನೂರರಲ್ಲಿ 58 ಸಲ ಫಲಿಸಿದರಷ್ಟೇ ಗಿಟ್ಟುತ್ತದೆ. ಎಲೆ ಬಿಡದ ಎದುರಾಳಿಯ ಮುಂದೆ ಅದು ಶುದ್ಧ ನಷ್ಟ.

ಅವೇ ಎರಡು ಎಲೆಗಳಿಗೆ ಎದುರಾಳಿ, ಜಾಗ, ಚಿಪ್ಸ್ ನೋಡಿ ಮೂರು ಬೇರೆ ಉತ್ತರ ಸರಿಯಾಗಬಹುದು. ಪೋಕರ್ ಕೌಶಲದ ಆಟ ಎನ್ನುವವರ ಮುಖ್ಯ ವಾದ ಇದೇ. ಎಲೆ ಹಂಚಿಕೆಯ ಅದೃಷ್ಟವನ್ನು ಮುಂದಿಡುವವರೂ ಇದ್ದಾರೆ: 2017ರಲ್ಲಿ ಗುಜರಾತ್ ಹೈಕೋರ್ಟ್ ಪೋಕರನ್ನು ಜೂಜೆಂದೇ ತೀರ್ಮಾನಿಸಿತು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ ಶುದ್ಧ ಕೌಶಲದ ಆಟಕ್ಕೆ ವಿನಾಯಿತಿ ಇಟ್ಟಿತ್ತು. 2021ರ ತಿದ್ದುಪಡಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ರದ್ದುಪಡಿಸಿತು.

ಆಮೇಲೆ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು, ಕೌಶಲವಿರಲಿ ಅದೃಷ್ಟವಿರಲಿ, ನಿಷೇಧಿಸುವ ಕಾಯ್ದೆ ಮಾಡಿತು. ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಅದನ್ನು ಪ್ರಶ್ನಿಸಿ ಕರ್ನಾಟಕ ಸೇರಿ ಬೇರೆ ಬೇರೆ ಹೈಕೋರ್ಟುಗಳಿಗೆ ಹೋದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಈ ಲೆಕ್ಕಗಳನ್ನು ಕಲಿಯಲು ಒಂದು ಕಟ್ಟು ಇಸ್ಪೀಟು, ಒಂದು ಬೊಗಸೆ ಹುಣಸೆ ಬೀಜ ಸಾಕು. ಹಣ ಹಾಕಿ ಆಡಲು ಕರೆಯುವ ಆ್ಯಪ್ ಮೊಬೈಲಿನಲ್ಲಿ ಕಂಡರೆ ಓದುಗರು ಅದಕ್ಕೆ ಒಂದು ರೂಪಾಯಿಯನ್ನೂ ಕಳಿಸಬಾರದು.