ಸಕುರಾ ಮೋಚಿಗೆ ದೋಸೆ ಕಾವಲಿಯೇ ಸಾಕು

ಅಹಮದಾಬಾದಿನ ಪಶ್ಚಿಮ ಅಂಚಿನ ಬೋಪಾಲ್ ದಾಟಿದರೆ ಸಾಣಂದ್, ಇನ್ನೂ ಮುಂದೆ ಬೇಚರಾಜಿ ಸೀಮೆ. ಅಲ್ಲಿನ ಹಂಸಲ್‌ಪುರದ ಸುಜುಕಿ ಕಾರ್ಖಾನೆಯಲ್ಲಿ 2017ರಿಂದ ಕಾರುಗಳು ತಯಾರಾಗುತ್ತಿವೆ. 2021ರ ಜೂನ್‌ನಲ್ಲಿ ಅಹಮದಾಬಾದ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಆವರಣದಲ್ಲಿ ಝೆನ್ ಉದ್ಯಾನವೂ ತೆರೆಯಿತು. ಕಾರು, ಉದ್ಯಾನಗಳ ಮೂಲಕ ಇಷ್ಟು ಹತ್ತಿರ ಬಂದ ಜಪಾನ್ ಅಡುಗೆಮನೆಯ ಮಟ್ಟಿಗೆ ಇನ್ನೂ ದೂರವೇ ಉಳಿದಿದೆ.

ಮಾರ್ಚ್ 3ರಂದು ಜಪಾನಿನಲ್ಲಿ ಹಿನಾಮತ್ಸುರಿ. ನಮ್ಮ ದಸರೆಯಂತೆಯೇ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸುವ ಹಬ್ಬ. ಆ ದಿನಕ್ಕೂ ಅದರ ಹಿಂದೆಯೇ ಬರುವ ಚೆರ್ರಿ ಹೂವಿನ ಕಾಲಕ್ಕೂ ಒಗ್ಗುವ ಸಿಹಿ ಸಕುರಾ ಮೋಚಿ, ಕಾಳಿನ ಹೂರಣ ತುಂಬಿ ಚೆರ್ರಿ ಎಲೆಯಲ್ಲಿ ಸುತ್ತಿದ ತಿನಿಸು. ಮನೆಯಲ್ಲಿ ಅದನ್ನು ಮಾಡಬಯಸುವವರು ಹಿಂಜರಿಯುವಂತೆ ಮಾಡುವ ಕೆಲವು ತಪ್ಪು ಕಲ್ಪನೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಮೋಚಿ ಎಂದರೆ ಅಕ್ಕಿಯನ್ನು ಒರಳಿಗೆ ಹಾಕಿ ಕುಟ್ಟಲೇಬೇಕು.

ಸತ್ಯ: ಟೋಕಿಯೋ ಕಡೆಯ ಸಕುರಾ ಮೋಚಿಗೆ ಒರಳೂ ಬೇಡ, ಒನಕೆಯೂ ಬೇಡ. ಸುಮಿದಾ ನದಿ ದಡದ ಚೋಮೆಯ್‌ಜಿ ದೇವಾಲಯದ ಬಳಿ 1717ರಲ್ಲಿ ಯಾಮಾಮೊತೊ ಶಿನ್ರೊಕು ಇದನ್ನು ಮಾರಲು ಶುರುಮಾಡಿದ ಎಂಬುದು ಪ್ರತೀತಿ. ಇದು ತೆಳುವಾದ ಗೋಧಿ ಹಿಟ್ಟಿನ ದೋಸೆ. ಮೈದಾ 50 ಗ್ರಾಂ, ಅಂಟಕ್ಕಿ ಹಿಟ್ಟು 10 ಗ್ರಾಂ, ಒಂದು ಚಮಚ ಸಕ್ಕರೆ, ಚಿಟಿಕೆ ಗುಲಾಬಿ ಬಣ್ಣ ಸೇರಿಸಿ ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೆಂಪಾಗದಂತೆ ಬೇಯಿಸಿ, ಹೂರಣವಿಟ್ಟು ಸುತ್ತಿದರಾಯಿತು. ಒಸಾಕಾ, ಕ್ಯೋಟೋ ಕಡೆಯ ಬಗೆ ಬೇರೆ. ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ತರಿಯಾಗಿ ಒಡೆದ ‘ದೋಮ್ಯೋಜಿ’ಯಿಂದ ಅದನ್ನು ಮಾಡುತ್ತಾರೆ.

ತಪ್ಪು ಕಲ್ಪನೆ: ಅದರ ಘಮ ಚೆರ್ರಿ ಹಣ್ಣಿನದು.

ಸತ್ಯ: ಸಕುರಾ ಮೋಚಿಗೆ ಹಣ್ಣು ಹಾಕುವುದಿಲ್ಲ. ಘಮ ಬರುವುದು ಸುತ್ತಿದ ಎಲೆಯಿಂದ. ಒಶಿಮಾ ಜಾತಿಯ ಚೆರ್ರಿ ಎಲೆಯನ್ನು ಉಪ್ಪಿನಲ್ಲಿ ಊರಹಾಕಿದಾಗ ಕೂಮರಿನ್ ಎಂಬ ಪರಿಮಳದ್ರವ್ಯ ಬಿಡುಗಡೆಯಾಗುತ್ತದೆ. ಹಸಿ ಎಲೆಗೆ ಆ ವಾಸನೆ ಇರುವುದಿಲ್ಲ. ಈ ಎಲೆಗಳಿಗೆ ಶಿಜುಓಕಾ ಪ್ರಾಂತ್ಯದ ಮತ್ಸುಜಾಕಿ ಹೆಸರುವಾಸಿ. ಕರಾವಳಿಯ ಅರಿಶಿನ ಎಲೆಯ ಕಡುಬು ತಿಂದವರಿಗೆ ಎಲೆ ಕೊಡುವ ಪರಿಮಳ ಏನೆಂದು ಹೇಳಬೇಕಿಲ್ಲ. ಊರಿದ ಎಲೆ ಸಿಗದಿದ್ದರೆ ಎಲೆಯಿಲ್ಲದೆಯೇ ಮಾಡಿ. ಕಂಡ ಅಲಂಕಾರಿಕ ಗಿಡದ ಎಲೆಯನ್ನು ಸುತ್ತುವುದು ಸುರಕ್ಷಿತವಲ್ಲ.

ತಪ್ಪು ಕಲ್ಪನೆ: ಅಂಟಕ್ಕಿಯಲ್ಲಿ ಗ್ಲುಟೆನ್ ಇದೆ.

ಸತ್ಯ: ಇಲ್ಲ. ಅದರ ಪಿಷ್ಟ ಬಹುಪಾಲು ಅಮೈಲೊಪೆಕ್ಟಿನ್ ಆಗಿರುವುದರಿಂದ ಅನ್ನ ಅಂಟುತ್ತದೆ. ಅಸ್ಸಾಮಿನ ಬೋರಾ ಅಕ್ಕಿ ಇದೇ ಗುಣದ್ದು. ಆದರೆ ಮೇಲೆ ಹೇಳಿದ ಟೋಕಿಯೋ ಬಗೆಯಲ್ಲಿ ಮೈದಾ ಇದೆ. ಗ್ಲುಟೆನ್ ಒಗ್ಗದವರು ಅದನ್ನು ಬಿಡಬೇಕು.

ತಪ್ಪು ಕಲ್ಪನೆ: ಅಜುಕಿ ಕಾಳಿಲ್ಲದೆ ಹೂರಣವಿಲ್ಲ, ಸಸ್ಯಾಹಾರಿಗಳಿಗಂತೂ ಇವು ಆಗುವುದಿಲ್ಲ.

ಸತ್ಯ: ಅಜುಕಿಯ ಕುಲದ್ದೇ ಕಾಳು ನಮ್ಮ ಅಲಸಂದೆ, ಗುಜರಾತಿಗಳ ಚೋಳಿ. ಹೂರಣಕ್ಕೆ ಅದನ್ನೇ ಬಳಸಬಹುದು. ಜಪಾನಿನಲ್ಲೂ ಇದು ಅಪರಿಚಿತವಲ್ಲ. ಬೇಯುವಾಗ ಅಜುಕಿಯ ಹೊಟ್ಟೆ ಒಡೆಯುವುದು ಸಮುರಾಯಿಗಳ ಹೊಟ್ಟೆ ಸೀಳಿಕೊಳ್ಳುವ ಸಾವನ್ನು ನೆನಪಿಸುತ್ತದೆಂದು, ಟೋಕಿಯೋ ಕಡೆ ಹಬ್ಬದ ಕೆಂಪನ್ನಕ್ಕೆ ಅಲಸಂದೆ ಜಾತಿಯ ಸಸಾಗೆ ಹಾಕುವ ರೂಢಿ ಬೆಳೆಯಿತು. ಹೂರಣದ ಕ್ರಮ ನಮ್ಮ ಹೋಳಿಗೆಯದೇ: ಕಾಳು ಬೆಣ್ಣೆಯಂತೆ ಬೆಂದ ಮೇಲೆ ಸಿಹಿ. ಸಕ್ಕರೆ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಇಡೀ ತಿನಿಸಿನಲ್ಲಿ ಹಾಲು, ಮೊಟ್ಟೆ ಎರಡೂ ಇಲ್ಲ. ಯೋಕಾನ್‌ನಂಥ ಜಪಾನಿ ಸಿಹಿಗಳೂ ಗಟ್ಟಿಯಾಗುವುದು ಜಿಲೆಟಿನ್‌ನಿಂದಲ್ಲ, ಕಡಲಪಾಚಿಯ ಕಾಂತೆನ್‌ನಿಂದ. ನಮ್ಮ ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಇದೇ ಬಗೆಯದು.

ತಪ್ಪು ಕಲ್ಪನೆ: ಹಸಿರು ಬಗೆಯಾದ ಕುಸಾ ಮೋಚಿಯ ಬಣ್ಣ ಹಸಿರು ಚಹಾದಿಂದ ಬರುತ್ತದೆ.

ಸತ್ಯ: ಅದು ಯೊಮೊಗಿ ಎಂಬ ಎಳೆ ಸೊಪ್ಪಿನ ಹಸಿರು. ನಮ್ಮ ಹೂವಾಡಗಿತ್ತಿಯರು ಮಾಲೆಗೆ ಸೇರಿಸುವ ದವನದ ಕುಲದ್ದೇ ಸಸ್ಯ. ಹಾಗೆಂದು ದವನವನ್ನು ಹಿಟ್ಟಿಗೆ ಬೆರೆಸಬೇಡಿ. ಬಣ್ಣಕ್ಕೆ ಬೇಯಿಸಿ ಅರೆದ ಪಾಲಕ್ ಸಾಕು.

ತಪ್ಪು ಕಲ್ಪನೆ: ಮಾಡಿ ಫ್ರಿಜ್‌ನಲ್ಲಿಟ್ಟರೆ ನಾಲ್ಕು ದಿನ ಮೆತ್ತಗಿರುತ್ತದೆ.

ಸತ್ಯ: ಫ್ರಿಜ್‌ನ ತಂಪಿನಲ್ಲೇ ಅಕ್ಕಿಯ ಪಿಷ್ಟ ಬೇಗ ಬಿಗಿಯುತ್ತದೆ, ತಂಗಳನ್ನ ಗಟ್ಟಿಯಾಗುವುದೂ ಇದರಿಂದಲೇ. ಬೋಪಾಲ್‌ನ ಮಾರ್ಚ್ ಬಿಸಿಲಲ್ಲಿ ಹೊರಗಿಟ್ಟರೆ ಹೂರಣ ಹಳಸುತ್ತದೆ. ಜಪಾನಿನ ಅಂಗಡಿಗಳಲ್ಲಿ ಇಂಥ ಸಿಹಿಗಳನ್ನು ಬೆಳಿಗ್ಗೆ ಮಾಡಿ ಅಂದೇ ಮಾರುವ ರೂಢಿ ಇದೆ. ಮನೆಯಲ್ಲೂ ಹಾಗೆಯೇ ಮಾಡಿ. ಅಂಟಕ್ಕಿಯ ಬಗೆಯಾದರೆ ಮಕ್ಕಳಿಗೂ ವಯಸ್ಸಾದವರಿಗೂ ಚಿಕ್ಕ ತುಂಡುಗಳಾಗಿ ಕತ್ತರಿಸಿ ಕೊಡಿ. ಮೋಚಿ ಗಂಟಲಲ್ಲಿ ಸಿಕ್ಕಿಕೊಂಡು ಪ್ರಾಣ ಹೋದ ಪ್ರಕರಣಗಳು ಜಪಾನಿನಲ್ಲೇ ಪ್ರತಿ ಹೊಸ ವರ್ಷದ ಹೊತ್ತಿಗೆ ವರದಿಯಾಗುತ್ತವೆ.