ಪುಟೀನ್‌ಗೆ ಮಹಾಲಿಂಗಪುರದ ಬೆಲ್ಲ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ವಾರ್ವಿಕ್ ಎಂಬ ಸಣ್ಣ ಊರಿದೆ. ಸುತ್ತಲೂ ಹೈನುಗಾರಿಕೆ. ಅಲ್ಲಿ ‘ಲ ಲ್ಯೂತಾಂ ಕಿ ರಿ’ ಎಂಬ ಹೋಟೆಲು ನಡೆಸುತ್ತಿದ್ದವರು ಫೆರ್ನಾಂ ಲಶಾನ್ಸ್. 1957ರಲ್ಲಿ ಎಡ್ಡಿ ಲೆನೆಸ್ ಎಂಬ ಖಾಯಂ ಗಿರಾಕಿ ಬಂದು, ಕರಿದ ಆಲೂಗಡ್ಡೆ, ಎಳೆ ಚೀಸಿನ ತುಣುಕು ಎರಡನ್ನೂ ಕಲಸಿ ಕೊಡಿ ಎಂದರಂತೆ. ಪುಟೀನ್ ಎಂಬ ತಿಂಡಿ ಹುಟ್ಟಿದ್ದೇ ಹೀಗೆ ಎಂದು ವಾರ್ವಿಕ್‌ನವರು ಹೇಳುತ್ತಾರೆ.

ಆಗ ಅದರ ಮೇಲೆ ಗ್ರೇವಿ ಇರಲಿಲ್ಲ. ತಟ್ಟೆಯಲ್ಲಿ ಆಲೂಗಡ್ಡೆ ಬೇಗ ಆರಿಹೋಗುತ್ತದೆ ಎಂದು ಗಿರಾಕಿಗಳು ಗೊಣಗತೊಡಗಿದರು. ಬಿಸಿ ಉಳಿಯಲಿ ಎಂದು ಕೆಲವು ವರ್ಷಗಳ ಮೇಲೆ ಗ್ರೇವಿ ಸುರಿಯುವುದು ಶುರುವಾಯಿತು. ಅದನ್ನು ಮಾಡಿಕೊಟ್ಟವರು ಲಶಾನ್ಸ್ ಅವರ ಹೆಂಡತಿ ಜರ್ಮೇನ್. ಬಳಸಿದ್ದು ಕಂದು ಸಕ್ಕರೆ, ಕೆಚಪ್, ವೂಸ್ಟರ್ ಸಾಸ್.

ಡ್ರಮಂಡ್‌ವಿಲ್ ಊರಿನವರು ಇದನ್ನು ಒಪ್ಪುವುದಿಲ್ಲ. ಅಲ್ಲಿ ಜಾನ್-ಪಾಲ್ ರ್ವಾ ಎಂಬುವವರು ಆಲೂಗಡ್ಡೆಗೆ ಸಾಸ್ ಹಾಕಿ ಮಾರುತ್ತಿದ್ದರು. ಗಿರಾಕಿಗಳು ತಾವೇ ಚೀಸ್ ಬೆರೆಸಿಕೊಳ್ಳುವುದನ್ನು ಕಂಡು, 1964ರಲ್ಲಿ ಮೂರನ್ನೂ ಸೇರಿಸಿ ಮಾರತೊಡಗಿದರು. ಮೊದಲಿಗರು ಯಾರೆಂಬ ತಕರಾರು ಅವರವರಿಗೇ ಇರಲಿ. ಎರಡು ಕಥೆಗಳಲ್ಲೂ ಬೆರೆಸುವ ಯೋಚನೆ ತಿನ್ನುವವರದು, ಬೆರೆಸಿದ್ದು ಊರಲ್ಲೇ ಧಾರಾಳವಾಗಿ ಸಿಗುತ್ತಿದ್ದ ಪದಾರ್ಥ. ಹಾಗಾಗಿ ಈ ತಿಂಡಿಗೆ ಇದೇ ಸರಿಯಾದ ವಿಧಾನ ಎಂದು ಪಟ್ಟು ಹಿಡಿಯುವುದರಲ್ಲಿ ಅರ್ಥವಿಲ್ಲ. ಬಹುಕಾಲ ಬಡವರ ತಿಂಡಿಯೆಂದು ಮೂಗು ಮುರಿಸಿಕೊಂಡ ಪುಟೀನ್ ಮುಂದೆ ಮಾಂಟ್ರಿಯಲ್‌ನ ದೊಡ್ಡ ಹೋಟೆಲುಗಳನ್ನೂ ಹೊಕ್ಕಿತು. 2011ರಲ್ಲಿ ಚಕ್ ಹ್ಯೂಸ್ ಎಂಬ ಬಾಣಸಿಗ ಅಮೆರಿಕದ ಟಿ.ವಿ. ಸ್ಪರ್ಧೆಯಲ್ಲಿ ಅದಕ್ಕೆ ಲಾಬ್‌ಸ್ಟರ್ ಸೇರಿಸಿದರು. ಟೊರಾಂಟೊದಲ್ಲಿ ಬಟರ್ ಚಿಕನ್ ಪುಟೀನ್ ಈಗ ಮಾಮೂಲು.

ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಅಡುಗೆಮನೆಯಲ್ಲಿ ಇದನ್ನು ಮಾಡಹೊರಟರೆ ಜರ್ಮೇನ್ ಅವರ ಕಂದು ಸಕ್ಕರೆಯೇ ದಾರಿ ತೋರಿಸುತ್ತದೆ. ಗೋದಾವರಿ ಸಕ್ಕರೆ ಕಾರ್ಖಾನೆಯ ಊರು, ಸುತ್ತಲೂ ಕಬ್ಬು, ಪಕ್ಕದ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದದ್ದು. ಮನೆಯಲ್ಲಿ ಶೇಂಗಾ ಇದೆ, ಗುರೆಳ್ಳು ಇದೆ, ಎಮ್ಮೆಯ ಹಾಲಿದೆ. ಮೊಝರೆಲ್ಲಾ ಹುಡುಕುತ್ತ ಪೇಟೆ ಅಲೆಯುವುದು, ಗ್ರೇವಿಯ ಪುಡಿ ತರಿಸುವುದು ನನಗೆ ಸರಿಬರುವುದಿಲ್ಲ. ಹಾಗೆ ಮಾಡಿದರೆ ಅದು ನಕಲಾದೀತೇ ಹೊರತು ಬೆರಕೆಯಾಗಲಾರದು.

ಕಷ್ಟವಿರುವುದು ಚೀಸಿನಲ್ಲಿ. ಕ್ವಿಬೆಕ್‌ನವರು ರೆನೆಟ್ ಎಂಬ ಕಿಣ್ವದಿಂದ ಹಾಲು ಹೆಪ್ಪುಗಟ್ಟಿಸುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಪ್ರೋಟೀನಿನ ಜತೆಗೇ ಉಳಿಯುವುದರಿಂದ ತುಣುಕಿಗೆ ರಬ್ಬರಿನ ಗುಣ ಬರುತ್ತದೆ: ತಾಜಾ ಇದ್ದಾಗ ಹಲ್ಲಿಗೆ ತಾಗಿದರೆ ಕಿಚಕಿಚ ಅನ್ನುತ್ತದೆ, ಬಿಸಿಗೆ ಮೆತ್ತಗಾಗಿ ಎಳೆಯಾಗುತ್ತದೆ. ನಾವು ನಿಂಬೆಹುಳಿ ಹಿಂಡಿ ಹಾಲು ಒಡೆಸುತ್ತೇವೆ. ಹುಳಿ ಆ ಕ್ಯಾಲ್ಸಿಯಂ ಅನ್ನು ಬಹುಪಾಲು ಕರಗಿಸಿ ನೀರಿನ ಜತೆ ಕಳಿಸಿಬಿಡುತ್ತದೆ; ಆದ್ದರಿಂದ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಕರಗಲೆಂದು ಕಾಯದೆ ಅದನ್ನು ಮೆತ್ತಗೆ ಇಟ್ಟುಕೊಳ್ಳುವುದೇ ಜಾಣತನ. ಎಮ್ಮೆಯ ಹಾಲಿನಲ್ಲಿ ಕೇಸೀನ್ ಹೆಚ್ಚಾದ್ದರಿಂದ ಅದು ಬೇಗ ಗಟ್ಟಿಯಾಗುತ್ತದೆ. ಮೇಲೆ ಕಲ್ಲು ಹೇರಬೇಡಿ. ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರು ಬಸಿದ ಮೇಲೆ ಉಪ್ಪು ಹಾಕಿ, ಕೈಯಿಂದಲೇ ಬಾಯಿಗೊಪ್ಪುವಷ್ಟು ತುಣುಕು ಮುರಿದರೆ ಸಾಕು. ಫ್ರಿಜ್ಜಿಗೆ ಹಾಕಬಾರದು. ಅಂದೇ ಮಾಡಿ ಅಂದೇ ತಿನ್ನಬೇಕು. ಪುಟೀನ್‌ನ ಜೀವ ಇರುವುದೇ ಆ ತಾಜಾತನದಲ್ಲಿ.

ಆಲೂಗಡ್ಡೆಯನ್ನೂ ಫ್ರಿಜ್ಜಿನಲ್ಲಿಡಬಾರದು. ತಣುವಿಗೆ ಅದರ ಪಿಷ್ಟ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗಿ ಕಹಿ ಬರುತ್ತದೆ. ಬೆರಳುಗಾತ್ರ ಹೆಚ್ಚಿ, ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಶೇಂಗಾ ಎಣ್ಣೆಯಲ್ಲಿ ಎರಡು ಸಲ ಕರಿಯಬೇಕು: ಮೊದಲು ಹದವಾದ ಉರಿಯಲ್ಲಿ ಬಣ್ಣ ಬಾರದಂತೆ ಬೇಯಿಸಿ, ಆರಿದ ಮೇಲೆ ಜೋರು ಉರಿಯಲ್ಲಿ ಗರಿಗರಿಯಾಗಿ.

ಗ್ರೇವಿಗೆ ಎಣ್ಣೆಗಾಯಿಯ ರಸವೇ ಮಾದರಿ. ಅವರು ಮೈದಾ ಹುರಿಯುವಲ್ಲಿ ನಾವು ಉಳ್ಳಾಗಡ್ಡಿ, ಬಳ್ಳೊಳ್ಳಿ ಬಾಡಿಸಿದ ಎಣ್ಣೆಗೆ ಒಂದು ಚಮಚ ಕಡಲೆಹಿಟ್ಟು ಹಾಕಿ ಘಮ್ಮೆನ್ನುವವರೆಗೆ ಹುರಿಯುವುದು. ಆಮೇಲೆ ಹುರಿದ ಶೇಂಗಾ ಪುಡಿ, ಸ್ವಲ್ಪ ಗುರೆಳ್ಳು ಪುಡಿ, ಮಸಾಲೆ ಖಾರ, ಉಪ್ಪು, ಹುಣಸೆರಸ. ಕೆಚಪ್ಪು, ವೂಸ್ಟರ್ ಸಾಸು ಕೊಡುತ್ತಿದ್ದ ಹುಳಿಯನ್ನು ಹುಣಸೆ ಕೊಡುತ್ತದೆ. ಕಂದು ಸಕ್ಕರೆಯ ಜಾಗಕ್ಕೆ ಬೆಲ್ಲದ ತುಣುಕು. ಎಣ್ಣೆಗಾಯಿಗಿಂತ ತೆಳುವಾಗಿ, ಸೌಟಿಗೆ ಅಂಟುವಷ್ಟು ಮಾತ್ರ ಮಂದ ಇರಲಿ. ಶೇಂಗಾ ಪುಡಿ ನಿಂತಷ್ಟೂ ನೀರು ಹೀರುತ್ತದೆ, ಹಾಗಾಗಿ ಬಿಸಿನೀರು ಪಕ್ಕದಲ್ಲೇ ಬೇಕು.

ಆಲೂಗಡ್ಡೆ, ಅದರ ಮೇಲೆ ಪನೀರ್, ಕೊನೆಗೆ ಕುದಿಯುವ ರಸ. ಎಲ್ಲರೂ ಕೂತ ಮೇಲೆಯೇ ಸುರಿಯಬೇಕು. ಸುರಿದು ಹಾಗೇ ಬಿಟ್ಟರೆ ಅಡಿಯ ಆಲೂಗಡ್ಡೆ ಮೆತ್ತಗಾಗುತ್ತದೆ. ರಸ ಉಳಿದರೆ ಮರುದಿನ ಬಿಸಿ ಮಾಡಿ ಜೋಳದ ರೊಟ್ಟಿಗೆ ಹಚ್ಚಿಕೊಳ್ಳಬಹುದು.