ಮೊದಲ ಟೆಸ್ಟ್‌ನಲ್ಲಿ ಶುಗರ್ ಇಲ್ಲ ಅಂದ್ರೂ ಗರ್ಭಿಣಿಯರು ಎರಡನೇ ಟೆಸ್ಟ್ ಯಾಕೆ ಮಾಡಿಸಬೇಕು?

ಮೂರನೇ ತಿಂಗಳಲ್ಲಿ ಶುಗರ್ ನಾರ್ಮಲ್. ಏಳನೇ ತಿಂಗಳು ಬರುವಷ್ಟರಲ್ಲಿ ಜಾಸ್ತಿ. ಆಗ ಮನೆಯಲ್ಲಿ ಬರುವ ಮೊದಲ ಮಾತು, ‘ಸ್ವೀಟ್ ತಿಂದಿದ್ದಕ್ಕೇ ಹಿಂಗಾಯ್ತು’. ಆದರೆ ಮುಖ್ಯ ಕಾರಣ ಇರೋದು ಮಾಸಿನಲ್ಲಿ.

ಮಾಸು ಅಂದರೆ ಗರ್ಭದಲ್ಲಿ ಮಗುವಿಗೆ ಆಹಾರ, ಆಮ್ಲಜನಕ ದಾಟಿಸುವ ಅಂಗ. ಡಾಕ್ಟರು ಪ್ಲಾಸೆಂಟಾ ಅಂತಾರೆ. ಇದು ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಪ್ರೊಜೆಸ್ಟರಾನ್ ಮುಂತಾದ ಹಾರ್ಮೋನುಗಳನ್ನೂ ತಯಾರಿಸುತ್ತದೆ. ಜೊತೆಗೆ ತಾಯಿಯ ದೇಹದಲ್ಲಿ ಕಾರ್ಟಿಸಾಲ್ ಕೂಡ ಏರುತ್ತದೆ.

ರಕ್ತದ ಸಕ್ಕರೆ ಸ್ನಾಯುಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಅಂದರೆ ಅಂಗಡಿಯ ಶಟರ್ ಎತ್ತುವ ಹುಡುಗ ಅಂದುಕೊಳ್ಳಿ. ಈ ಹಾರ್ಮೋನುಗಳು ಶಟರ್ ಬಿಗಿ ಮಾಡುತ್ತವೆ. ಒಬ್ಬ ಎತ್ತುತ್ತಿದ್ದ ಕಡೆ ಇಬ್ಬರು, ಮೂವರು ಬೇಕಾಗುತ್ತಾರೆ. ಶಟರ್ ಏಳದಿದ್ದರೆ ಮಾಲು ರಸ್ತೆಯಲ್ಲೇ, ಅಂದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಇದು ರೋಗವಲ್ಲ, ಎಲ್ಲ ಗರ್ಭಿಣಿಯರಲ್ಲೂ ಆಗುತ್ತದೆ. ತಾಯಿಯ ಸ್ನಾಯುಗಳು ಕಡಿಮೆ ಬಳಸಿದರೆ ಮಗುವಿಗೆ ಹೆಚ್ಚು ಸಿಗುತ್ತದೆ. ಹೆರಿಗೆ ಹತ್ತಿರವಾದಂತೆ ಇನ್ಸುಲಿನ್ ಪ್ರಭಾವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಎರಡು-ಮೂರು ಪಟ್ಟು ಇನ್ಸುಲಿನ್ ತಯಾರಿಸಿ ಸರಿದೂಗಿಸುತ್ತದೆ. ಅದು ಸಾಲದೆ ಹೋದವರಿಗೇ ಶುಗರ್ ಬರೋದು. ಮನೆತನದಲ್ಲಿ ಶುಗರ್ ಇದ್ದವರಿಗೆ, ತೂಕ ಜಾಸ್ತಿ ಇದ್ದವರಿಗೆ ಸಾಧ್ಯತೆ ಹೆಚ್ಚು. ಊಟದ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಆದರೂ ಎರಡು ಹೋಳಿಗೆ ತಿಂದದ್ದಕ್ಕೆ ಬಸುರಿಯನ್ನು ಬೈಯೋದು ಅನ್ಯಾಯ.

ಮಾಸು ಬೆಳೆದಂತೆ ಹಾರ್ಮೋನೂ ಏರುತ್ತದೆ. ಹಾಗಾಗಿಯೇ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಎರಡು ಟೆಸ್ಟ್ ಇವೆ. ಒಂದು ಮೊದಲ ತಪಾಸಣೆಯಲ್ಲಿ, ಇನ್ನೊಂದು 24ರಿಂದ 28ನೇ ವಾರದೊಳಗೆ, ಹೆಚ್ಚುಕಡಿಮೆ ಸೀಮಂತದ ಮಾತು ಶುರುವಾಗುವ ಹೊತ್ತಿಗೆ. ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿ ಶುಗರ್. ಬಸ್ ತಪ್ಪುತ್ತೆ ಅಂತ ಮಧ್ಯೆ ಎದ್ದು ಹೋದರೆ ಟೆಸ್ಟ್ ಲೆಕ್ಕಕ್ಕಿಲ್ಲ.

ನಿರ್ಲಕ್ಷ್ಯ ಮಾಡಿದರೆ ಏನಾಗುತ್ತೆ? ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟಲ್ಲ. ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಂಡು ಕೊಬ್ಬು ಕೂಡಿಸಿಕೊಳ್ಳುತ್ತದೆ. ‘ಮಗು ಗುಂಡುಗುಂಡಾಗಿದೆ’ ಅಂತ ಖುಷಿಪಡುವವರಿಗೆ ಹೆರಿಗೆ ಕಷ್ಟವಾಗಬಹುದು ಅನ್ನೋದು ಗೊತ್ತಿರಲ್ಲ. ಹುಟ್ಟಿದ ಮೇಲೆ ಮಗುವಿನ ಶುಗರ್ ಏಕಾಏಕಿ ಕುಸಿಯುವ ಅಪಾಯವೂ ಇದೆ.

ಶುಗರ್ ಬಂದವರಿಗೆ ಮೊದಲು ಎರಡು ವಾರ ಪಥ್ಯ, ನಡಿಗೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಪ್ರಯೋಜನ ಇಲ್ಲ, ಅದೂ ಶುಗರ್ ಏರಿಸುತ್ತದೆ. ಹತೋಟಿಗೆ ಬರದಿದ್ದರೆ ಡಾಕ್ಟರ ಸಲಹೆಯಂತೆ ಮಾತ್ರೆ ಅಥವಾ ಇನ್ಸುಲಿನ್. ಇಂಜೆಕ್ಷನ್ ಮಗುವಿಗೆ ತಾಗುತ್ತೆ ಅನ್ನೋ ಭಯ ಬೇಡ.

ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಹಾರ್ಮೋನ್ ಇಳಿದು, ಬಹುತೇಕರ ಶುಗರ್ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಆದರೆ ಇಂಥವರಿಗೆ ಮುಂದೆ ಶುಗರ್ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಆರು ವಾರದ ನಂತರ ಇನ್ನೊಂದು ಟೆಸ್ಟ್ ಆಗಲೇಬೇಕು. ಬಾಣಂತನಕ್ಕೆ ತವರಿಗೆ ಹೋದವರು ತಾಯಿ ಕಾರ್ಡ್ ಜೊತೆಗೆ ಒಯ್ದು, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಿ ಮಾಡಿಸಿಕೊಳ್ಳಬಹುದು.